ಅನುಪಮಾ ನಿರಂಜನ ಅಂದರೆ ಡಾಕ್ಟರೂ ಹೌದು

ನಮ್ಮ ಸತ್ಯಮಂಗಲದ ಕಡೆ ಅನುಪಮಾ ನಿರಂಜನ ಎಂದರೆ ಹಿರಿಯರು ‘ಕಾದಂಬರಿ ಬರೆಯೋರಲ್ವಾ’ ಅಂತಾರೆ. ಹೌದು. ಆದರೆ ಅವರು ಮೈಸೂರಿನಲ್ಲಿ ವೈದ್ಯಕೀಯ ಓದಿ, ಧಾರವಾಡದಲ್ಲೂ ಬೆಂಗಳೂರಿನಲ್ಲೂ ರೋಗಿಗಳನ್ನು ನೋಡಿದ ಡಾಕ್ಟರು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಹೆಸರು ವೆಂಕಟಲಕ್ಷ್ಮಿ.

ಬಸಿರು, ಬಾಣಂತನ, ಮುಟ್ಟು ಇವನ್ನು ಹೆಂಗಸರು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಿದ್ದ ಕಾಲ. ಇವರು ‘ತಾಯಿ-ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಬರೆದು ಅದನ್ನೆಲ್ಲ ನೇರ ಕನ್ನಡದಲ್ಲಿ ಹೇಳಿಬಿಟ್ಟರು. ಆಸ್ಪತ್ರೆ ದೂರವಿದ್ದ ಊರುಗಳಿಗೆ ಆ ಪುಸ್ತಕಗಳೇ ಲೇಡಿ ಡಾಕ್ಟರು. ನನ್ನ ಮಟ್ಟಿಗೆ ಅವರ ಕಾದಂಬರಿಗಳಿಗಿಂತ ಇವೇ ಒಂದು ಕೈ ಮೇಲು. ವಿಮರ್ಶಕರು ಬೈದರೂ ಸರಿ.

ಮನೆಯಲ್ಲೇನು ನಡೆದಿತ್ತು? ಗಂಡ ನಿರಂಜನರಿಗೆ 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಹೊಡೆಯಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅನುಪಮಾ ಅವರನ್ನೂ ಮುಂದೆ ಕ್ಯಾನ್ಸರ್ ಹಿಡಿಯಿತು. ಆದರೂ ನಿರಂಜನರ ಸಂಪಾದಕತ್ವದಲ್ಲಿ 25 ಸಂಪುಟಗಳ ‘ವಿಶ್ವಕಥಾಕೋಶ’ ಬಂತು, ಅನುಪಮಾ ಮಕ್ಕಳಿಗೆಂದು 12 ಸಂಪುಟಗಳ ‘ದಿನಕ್ಕೊಂದು ಕಥೆ’ ಕೊಟ್ಟರು. (ನಮಗೆ ಶೀತ ಆದರೆ ರಜಾ ಅರ್ಜಿ!)

ಅನುಪಮಾ 1991ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 56.

ಅವರ ಪುಸ್ತಕದ ಔಷಧಿ, ಲಸಿಕೆಯ ಮಾತು ಹಳತಾಗಿರಬಹುದು, ಅದಕ್ಕೆ ಇವತ್ತಿನ ಡಾಕ್ಟರನ್ನೇ ಕೇಳಿ. ಆದರೆ ಮನೆಯಲ್ಲಿ ದೊಡ್ಡವಳಾಗುತ್ತಿರುವ ಹುಡುಗಿ ಇದ್ದರೆ ‘ಕೇಳು ಕಿಶೋರಿ’ ತಂದುಕೊಡಿ. ಅಪ್ಪಂದಿರೂ ಓದಿ.