ಒಂದು ಹಾಡು, ಹಲವು ಕೊರಳು

ನಾವು ಸಂಗೀತ ಬಲ್ಲವರಲ್ಲ. ಕಚೇರಿ ಎಂದರೆ ನಮಗೆ ಕಡತಗಳ ಕಚೇರಿಯೇ ಹೊರತು ತಂಬೂರಿಯ ಕಚೇರಿಯಲ್ಲ. ಬಿ.ಎ. ಮುಗಿಸಿ, ಸರ್ಕಾರಿ ಗುಮಾಸ್ತೆಗಿರಿ ಹಿಡಿದು, ಕೋಲಾರದಿಂದ ಬಂದು ಪುರಸೈವಾಕ್ಕಂನ ಗಂಗಾಧರೇಶ್ವರನ ಗುಡಿಯ ಸಮೀಪ ಬಾಡಿಗೆ ಮನೆ ಮಾಡಿ 11 ವರ್ಷವಾಯಿತು. ಈ ಪೀಠಿಕೆ ಏಕೆಂದರೆ, ಹೋದ ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಒಂದು ಹಾಡಿನ ಸಲುವಾಗಿ ಸಣ್ಣದೊಂದು ರಾಮಾಯಣವೇ ನಡೆದುಹೋಯಿತು.

ಹಾಡು ತಾವೆಲ್ಲ ಬಲ್ಲದ್ದೇ: ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ನೆರೆಮನೆಯವರ ಗೊಂಬೆಗಳ ಮುಂದೆ ಹಾಡಲೆಂದು ನಮ್ಮ ಒಂಬತ್ತು ವರ್ಷದ ಮಗಳು ಅದನ್ನು ಪಾಠ ಮಾಡುತ್ತಿದ್ದಳು. ಕಲಿಸಿದವರು ತಮಿಳಿನವರು, ಪುಸ್ತಕದಲ್ಲಿ ಬರೆದುಕೊಂಡದ್ದೂ ತಮಿಳು ಅಕ್ಷರದಲ್ಲಿ. ಆ ಲಿಪಿಯಲ್ಲಿ ಪಕಾರಕ್ಕೂ ಬಕಾರಕ್ಕೂ ಅಕ್ಷರ ಒಂದೇ. ಹುಡುಗಿ ಪುಸ್ತಕ ನೋಡಿ ಹಾಡುವಾಗ ‘ಬಾರೋ’ ಹೋಗಿ ‘ಪಾರೋ’ ಆಯಿತು. ಬಾ ಎಂದು ಕರೆಯಬೇಕಾದ ಕೃಷ್ಣನನ್ನು ತಮಿಳಿನಲ್ಲಿ ನೋಡು ಎಂದಂತಾಯಿತು!

ಅಡುಗೆಮನೆಯಲ್ಲಿದ್ದ ನಮ್ಮ ತಾಯಿಯವರು ನಗುತ್ತ ಬಂದು, “ಹಾಗಲ್ಲ ಪುಟ್ಟಿ, ಹೀಗೆ” ಎಂದು ತಮ್ಮ ಹಳೆಯ ಧಾಟಿಯಲ್ಲಿ ಹಾಡಿದರು. ಹುಡುಗಿ ಥಟ್ಟನೆ, “ಅಜ್ಜಿ, ನೀನು ಹಾಡೋದೇ ತಪ್ಪು. ಇದು ಯಮುನಾಕಲ್ಯಾಣಿ ಅಲ್ಲವೇ ಅಲ್ಲ” ಎಂದಳು. ಆಗತಾನೆ ಕಚೇರಿಯಿಂದ ಬಂದಿದ್ದ ನಾವು, “ನೀನು ಸುಮ್ಮನಿರಮ್ಮ, ಮಗು ಶಾಸ್ತ್ರೀಯವಾಗಿ ಕಲಿಯುತ್ತಿದೆ” ಎಂದುಬಿಟ್ಟೆವು.

ತಾಯಿ ಸುಮ್ಮನಾದರು. ಮರುದಿನವೂ ಸುಮ್ಮನೆ. ಒಲೆಯ ಮುಂದೆ ಗುನುಗುತ್ತಿದ್ದ ಕೊರಳು ನಾಲ್ಕು ದಿನ ಕೇಳಿಬರಲಿಲ್ಲ. ನಮ್ಮನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸಿದ್ದು ಅದೇ ಹಾಡು, ಅದೇ ಧಾಟಿ ಎಂಬುದು ಆಗ ನೆನಪಿಗೆ ಬಂತು.

ರಾತ್ರಿ ನಿದ್ದೆ ಹತ್ತದೆ ಮೊಬೈಲಿನಲ್ಲಿ ಆ ಹಾಡನ್ನೇ ಹುಡುಕಿದೆವು. ಅಬ್ಬಾ, ಎಷ್ಟು ಕೊರಳುಗಳು! ಇದೇ ಮದರಾಸಿನ ಬಾಲಸರಸ್ವತಿಯವರು ಕಡಲ ದಂಡೆಯಲ್ಲಿ ಗಾಳಿಗೆ ಸೆರಗು ಹಾರುತ್ತಿರಲು ಈ ಪದಕ್ಕೆ ಅಭಿನಯಿಸಿದ್ದನ್ನು ಸತ್ಯಜಿತ್ ರಾಯ್ 1976ರ ತಮ್ಮ ‘ಬಾಲಾ’ ಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಅವರು ಕನ್ನಡದವರಲ್ಲ, ಆದರೂ ಕಣ್ಣಲ್ಲಿ ಯಶೋದೆಯೇ ಇದ್ದಾಳೆ. 1996ರಲ್ಲಿ ಹರಿಹರನ್, ಲೆಸ್ಲಿ ಲೂಯಿಸ್ ಜೋಡಿ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ ಗಿಟಾರು ಹಿಡಿದು, ನಡುನಡುವೆ ಇಂಗ್ಲಿಷ್ ಬೆರೆಸಿ ಇದನ್ನೇ ಹಾಡಿತು. ಕಾಲೇಜಿನಲ್ಲಿ ಅದನ್ನು ಕೇಳಿ ತಲೆದೂಗಿದವರು ನಾವೇ. ವಿಜಯನಗರದ ಕಾಲದ ಯತಿಗಳ ಪದ ಗಿಟಾರಿಗೆ ಹೊಂದಿದರೆ ನಮಗೆ ತಪ್ಪೆನಿಸಲಿಲ್ಲ. ಹೆತ್ತ ತಾಯಿಯ ಧಾಟಿ ಮಾತ್ರ ತಪ್ಪೆನಿಸಿತು! ನಾಚಿಕೆಯಾಯಿತು.

ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಅವರ ಮುಂದೆ ಕುಳಿತು, “ತಪ್ಪಾಯಿತಮ್ಮ” ಎಂದೆವು. ಅವರು ಹುರುಳಿಕಾಯಿ ಸೋಸುತ್ತಲೇ, “ನಾನೇನು ಸಂಗೀತಕ್ಕೆ ಹಾಡ್ತಿದ್ದೆನೇನೋ? ನಿನಗೆ ನಿದ್ದೆ ಬರಲಿ ಅಂತ ಹಾಡ್ತಿದ್ದೆ” ಎಂದರು.

ಆ ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆಸಿದರು. ಬಕಾರ ಬರೆಯಲು ಹುಡುಗಿ ಮೂರು ಸಲ ಅಳಿಸಬೇಕಾಯಿತು. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕೆಂದು ಅಕ್ಷರ ಕಲಿಸದೆ ಬಿಟ್ಟ ತಪ್ಪೂ ನಮ್ಮದೇ. ಗೊಂಬೆಗಳ ಮುಂದೆ ಅವಳು ಹಾಡಿದ್ದು ಯಮುನಾಕಲ್ಯಾಣಿಯಲ್ಲಿ. ಆದರೆ ಕೃಷ್ಣನನ್ನು ಕರೆದದ್ದು ಮಾತ್ರ ಅಚ್ಚ ಕನ್ನಡದಲ್ಲಿ.

ಅಜ್ಜಿಯ ಧಾಟಿಯನ್ನು ನಾವು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇವೆ. ನಡುವೆ ಕುಕ್ಕರಿನ ಸೀಟಿಯೂ ಸೇರಿಕೊಂಡಿದೆ, ಇರಲಿ. ತಮ್ಮ ಮನೆಯಲ್ಲೂ ಅಂಥದೊಂದು ಕೊರಳಿದ್ದರೆ, ದಯವಿಟ್ಟು ಅದನ್ನು ತಿದ್ದಲು ಹೋಗಬೇಡಿ. ಕೂತು ಕೇಳಿ.