ಕೆಳಗೆ ಕಾರು, ಮೇಲೆ ಅತ್ತೆ

ನಿಮ್ಮದೂ ಬೆಂಗಳೂರಿನ ಹಳೆಯ ಬಡಾವಣೆಯ ಒಂಟಿ ಮನೆಯಾಗಿದ್ದರೆ ಈ ಮಾತು ಊಟದ ಹೊತ್ತಿಗೆ ಬಂದೇ ಇರುತ್ತದೆ: "ಒಡೆದು ಕಟ್ಟಿಸೋಣ್ವಾ?" ನಮ್ಮಲ್ಲೂ ಬಂತು. ಜಯನಗರದಲ್ಲಿ ಮಾವನವರು ಕಟ್ಟಿಸಿದ ಮನೆ, 40-60ರ ಸೈಟು. ಮುಂದೆ ಮಲ್ಲಿಗೆ, ಹಿಂದೆ ಕರಿಬೇವು, ಒಗೆಯುವ ಕಲ್ಲು. ಗಂಡುಮಕ್ಕಳಿಬ್ಬರು, ಭಾವ ಮತ್ತು ನಮ್ಮವರು.

ಬಿಲ್ಡರ್ ನಕ್ಷೆ ಹರಡಿದ. "ಕೆಳಗೆ ಯಾರಿರ್ತಾರಪ್ಪಾ?" ಎಂದರು ಅತ್ತೆ. "ಕಾರುಗಳು, ಅಮ್ಮಾ" ಎಂದ. ಎಪ್ಪತ್ತೆಂಟರ ಅತ್ತೆ ಸುಮ್ಮನೆ ಮಂಡಿ ಸವರಿಕೊಂಡರು.

ಯಾಕೆ ಹೀಗೆ ಅಂತ ನಾನು ಕೇಳಿ ತಿಳಿದುಕೊಂಡೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋದಕ್ಕೆ ಎಫ್.ಎ.ಆರ್. ಅಂತಾರೆ. 2007ರಲ್ಲಿ ಜಾರಿಗೆ ಬಂದ ನಗರ ಯೋಜನೆಯಲ್ಲಿ ಚಿಕ್ಕ ರಸ್ತೆಯ ನಮ್ಮಂಥ ಸೈಟಿಗೆ ಇಟ್ಟದ್ದು 1.75. ಅಂದರೆ 2,400 ಚದರಡಿ ಸೈಟಿಗೆ 4,200, ನಮ್ಮ ಮೇಸ್ತ್ರಿ ಭಾಷೆಯಲ್ಲಿ 42 ಚದರ. ಮನುಷ್ಯರಿರುವ ಜಾಗವೆಲ್ಲ ಇದರೊಳಗೇ ಮುಗಿಯಬೇಕು. ಕಾರು ನಿಲ್ಲಿಸುವ ಜಾಗ ಮಾತ್ರ ಲೆಕ್ಕಕ್ಕಿಲ್ಲ! ಮನೆಗಳು ಹೆಚ್ಚಿದಷ್ಟೂ ಕಾರಿನ ಜಾಗ ಹೆಚ್ಚು ತೋರಿಸಬೇಕು. ಹಾಗಾಗಿ ಕಂಬಗಳ ನಡುವೆ ಕಾರು ನೆಲ ಹಿಡಿಯಿತು, ಅತ್ತೆ ಮೇಲೆ ಹತ್ತಬೇಕಾಯಿತು.

42ರಲ್ಲಿ ಅರ್ಧ ಬಿಲ್ಡರಿಗೆ. ಉಳಿದದ್ದು ಅಣ್ಣತಮ್ಮಂದಿರಿಗೆ ತಲಾ ಹತ್ತೂವರೆ ಚದರ. ಅತ್ತೆ ಯಾರ ಪಾಲಿನಲ್ಲಿ? ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನನಗೆ ನೋವಾದದ್ದು ಅದೇ.

"ಕೆಳಗೊಂದು ರೂಮ್ ಹಾಕಿಬಿಡೋಣ, ನಕ್ಷೆಯಲ್ಲಿ ಕಾರು ಅಂತ್ಲೇ ಇರ್ಲಿ" ಅಂದ ಬಿಲ್ಡರ್. ಬೇಡವೆಂದೆವು. ನಕ್ಷೆ ಮೀರಿದರೆ ಓ.ಸಿ.ಗೆ ತೊಡಕು, ಅದಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಕೊನೆಗೆ ಬಿಲ್ಡರನ್ನು ಬಿಟ್ಟು, ಸಾಲ ಮಾಡಿ ನಾವೇ ಎರಡು ಮನೆ ಕಟ್ಟಿಸುತ್ತಿದ್ದೇವೆ. ಮನೆ ಎರಡೇ ಆದ್ದರಿಂದ ಕಾರಿಗೆ ಕಡಿಮೆ ಜಾಗ ಸಾಕು. ಕೆಳಗೆ ಅತ್ತೆಗೆ ಕೋಣೆ, ಬಚ್ಚಲು, ನಕ್ಷೆಯಲ್ಲೇ ತೋರಿಸಿ. ಓರಗಿತ್ತಿಗೆ ಇನ್ನೂ ಮುನಿಸು. ಬಿಲ್ಡರ್ ಆಗಿದ್ದರೆ ಕೈಯಿಂದ ಕಾಸು ಬಿಚ್ಚಬೇಕಿರಲಿಲ್ಲ ಅಂತಾರೆ. ಅವರ ಮಾತೂ ಸುಳ್ಳಲ್ಲ. ಕಂತಿನ ತಾರೀಕು ಹತ್ತಿರ ಬಂದಾಗ ನನಗೂ ಹಾಗನ್ನಿಸುತ್ತೆ.

ನಿಮ್ಮ ಮನೆಗೂ ನಕ್ಷೆ ಬಂದರೆ ಸಹಿ ಬೀಳುವ ಮುಂಚೆ ನೀವೂ ಹತ್ತಿರ ಕೂತು ನೋಡಿ. "ಹೆಂಗಸರಿಗ್ಯಾಕೆ ಈ ಲೆಕ್ಕ" ಅಂದರೆ ಏಳಬೇಡಿ. ಎಫ್.ಎ.ಆರ್. ಎಷ್ಟು, ಸುತ್ತ ಎಷ್ಟು ಬಿಡಬೇಕು, ಕೆಳಗೆ ಯಾರು ಅಂತ ಕೇಳಿ. ಒಗೆಯುವ ಕಲ್ಲು ಎಲ್ಲಿ ಅಂತಲೂ ಕೇಳಿ. ನಮ್ಮ ನಕ್ಷೆಯಲ್ಲಿ ಅದನ್ನು ಮರೆತೇಬಿಟ್ಟಿದ್ದರು!