ಎಡದಿಂದ ಬಲಕ್ಕೆ

ಛಾಯಾಗ್ರಹಣದ ಚರಿತ್ರೆ ಹೇಳಹೊರಟವರು ಕ್ಯಾಮರಾದ ಚರಿತ್ರೆ ಹೇಳಿ ಮುಗಿಸುವುದು ರೂಢಿ. 1839ರಲ್ಲಿ ಪ್ಯಾರಿಸ್ಸಿನ ಡಾಗೇರನ ಬೆಳ್ಳಿ ಲೇಪದ ತಗಡು, 1851ರಲ್ಲಿ ಆರ್ಚರನ ಗಾಜಿನ ಫಲಕ, 1888ರಲ್ಲಿ ಈಸ್ಟ್‌ಮನ್ನನ ಕೊಡಾಕ್, 1975ರಲ್ಲಿ ಅದೇ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮರಾ, ಕೊನೆಗೆ ಎಲ್ಲರ ಜೇಬಿನ ಫೋನು. ವಂಶಾವಳಿ ಚೊಕ್ಕವಾಗಿದೆ. ಆದರೆ ಶ್ರೀಗಂಧದ ಕಾವಲಿನಲ್ಲಿ ಕೂತು ಓದುವವನಿಗೆ ಇದರಲ್ಲಿ ಏನೋ ಬಿಟ್ಟುಹೋದಂತೆ ಕಾಣುತ್ತದೆ. ಮಾಗಡಿ ರಸ್ತೆಯಿಂದ ಒಳಗೆ, ಸುಂಕದಕಟ್ಟೆ, ಹೆಗ್ಗನಹಳ್ಳಿಗಳ ಮಗ್ಗುಲಿಗೆ ಇರುವ ಈ ಬಡಾವಣೆಯ ಹೆಸರಿನಲ್ಲಿ ಗಂಧದ ಮರವೂ ಇದೆ, ದನ ಮೇಯುವ ಬಯಲೂ ಇದೆ. ನೆಲದ ಮೇಲೆ ಇರುವುದು ಒತ್ತೊತ್ತಾದ ಮನೆ, ಅಂಗಡಿ, ತಂತಿ. ಬಯಲು ಬಡಾವಣೆಯಾದದ್ದು ಪುರಾಣ ಕಾಲದಲ್ಲಲ್ಲ, ಬೆಂಗಳೂರಿನಲ್ಲಿ ಬೀದಿಗೊಂದು ಸ್ಟುಡಿಯೊ ಇದ್ದ ಕಾಲದಲ್ಲೇ. ಹಾಗಿದ್ದೂ 1856ರ ಹಂಪಿಯನ್ನು ನೋಡುವಷ್ಟು ಸಲೀಸಾಗಿ ನಾವು 1976ರ ಶ್ರೀಗಂಧದ ಕಾವಲನ್ನು ನೋಡಲಾರೆವು. ಇದಕ್ಕೆ ಕಾರಣ ಹುಡುಕುತ್ತ ಹೋದರೆ ನಮ್ಮ ನಾಡಿನ ಫೋಟೊ ಚರಿತ್ರೆ ಮೂರು ಕಾಲಗಳಾಗಿ ಒಡೆದುಕೊಳ್ಳುತ್ತದೆ ಎಂಬುದು ನನ್ನ ವಾದ: ಮೊದಲು ಜನರಿಲ್ಲದ ಜಾಗ, ಆಮೇಲೆ ಜಾಗವಿಲ್ಲದ ಜನ, ಈಗ ಜನವೂ ಜಾಗವೂ ಇದ್ದು ಹೆಸರಿಲ್ಲದ ಚಿತ್ರ.

ಮೊದಲ ಕಾಲಕ್ಕೆ ಕಾರಣ ರಸಾಯನ ವಿದ್ಯೆ. ಡಾಗೇರ್ 1838ರ ಸುಮಾರಿಗೆ ಪ್ಯಾರಿಸ್ಸಿನ ಗಿಜಿಗುಟ್ಟುವ ಬೀದಿಯೊಂದನ್ನು ಸೆರೆಹಿಡಿದ. ತಗಡಿನ ಮೇಲೆ ಬೀದಿ ಬರಿದಾಗಿ ಮೂಡಿತು. ನಿಮಿಷಗಟ್ಟಲೆ ಬೆಳಕು ಕುಡಿಯಬೇಕಿದ್ದ ಆ ತಗಡಿಗೆ ನಡೆಯುವವರು ಕಾಣಲೇ ಇಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದುಕೊಂಡ. ಇಂಥ ವಿದ್ಯೆ ಕನ್ನಡ ನಾಡಿಗೆ ಬಂದಾಗ ಯಾರ ಮುಂದೆ ನಿಲ್ಲಬೇಕು? ಕಲ್ಲಿನ ಮುಂದೆ. ಬೇಲೂರಿನ ಮದನಿಕೆಯರಷ್ಟು ತಾಳ್ಮೆಯಿಂದ ನಿಲ್ಲುವವರು ಮನುಷ್ಯರಲ್ಲಿ ಯಾರಿದ್ದಾರೆ? 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಲಿನಿಯಸ್ ಟ್ರೈಪ್, ವೈದ್ಯ ಆಂಡ್ರ್ಯೂ ನೀಲ್ ಜೊತೆಗೂಡಿ ಬೇಲೂರು, ಹಳೇಬೀಡುಗಳ ಕಡೆ ಹೊರಟ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. 1866ರಲ್ಲಿ ನೀಲ್, ಪಿಗೌ, ಬಿಗ್ಸ್ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಚಿತ್ರಗಳು ಮೆಡೋಸ್ ಟೇಲರ್, ಫರ್ಗುಸನ್ ಬರೆಹದೊಡನೆ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಬಂದವು. ಗುಡಿ ಇದೆ, ಗೋಪುರ ಇದೆ. ಅಲ್ಲಿ ಗಂಟೆ ಬಾರಿಸಿದವರು, ಕಸ ಗುಡಿಸಿದವರು ಅಪರೂಪ. ದನ ಮೇಯುವ ಬಯಲಿಗಂತೂ ಯಾರೂ ಆ ಭಾರದ ಪೆಟ್ಟಿಗೆ ಹೊತ್ತು ಬರುವಂತಿರಲಿಲ್ಲ. ಆದರೂ ಆ ಕಾಲದ ಚಿತ್ರಗಳಿಗೆ ಒಂದು ಗುಣವಿತ್ತು: ಯಾವ ಊರು, ಯಾವ ಗುಡಿ, ಯಾವ ವರ್ಷ ಎಂಬುದು ಗೊತ್ತಿತ್ತು. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವಿತ್ತೆಂದು ಕಣ್ಣಾರೆ ತೋರಿಸುವುದು ಗ್ರೀನ್‌ಲಾನ ಚಿತ್ರ. 1983ರಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ಚಿತ್ರ ತೆಗೆಯುವುದು ಸಾಧ್ಯವಾದದ್ದೂ ಜಾಗದ ಗುರುತು ಇದ್ದುದರಿಂದಲೇ.

ಗಾಜಿನ ಫಲಕ, ಆಮೇಲೆ ಒಣ ಫಲಕ ಬಂದ ಮೇಲೆ ನಿಮಿಷದ ಕೆಲಸ ಕ್ಷಣಕ್ಕಿಳಿಯಿತು; ಮನುಷ್ಯರ ಸರದಿ ಬಂತು. ಬೆಂಗಳೂರಿನ ದಂಡಿನ ಕಡೆ ಬಾರ್ಟನ್ ಕಂಪನಿ, 1910ರಿಂದ ಜಿ.ಕೆ. ವೇಲ್, ಆಮೇಲೆ ಪೇಟೆ ಪೇಟೆಗೂ ಸ್ಟುಡಿಯೊ. ಸ್ಟುಡಿಯೊ ಎಂದರೆ ಪರದೆ. ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಸರೋವರ. ಮುಂದೆ ಸ್ಟೂಲು, ಅದರ ಮೇಲೊಂದು ಹೂದಾನಿ. ಮದುವೆಯ ಜೋಡಿ, ತೊಟ್ಟಿಲಿನಿಂದೆದ್ದ ಕೂಸು, ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿ, ಎಲ್ಲರೂ ಅದೇ ಅರಮನೆಯ ಮುಂದೆ ನಿಂತರು. ಮೊಗ್ಗಿನ ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ಇಟ್ಟ ಜಾಣ್ಮೆ ನಮ್ಮ ಸ್ಟುಡಿಯೊದವರದು; ಆದರೆ ಆ ಹುಡುಗಿಯ ಮನೆ ಯಾವ ಬೀದಿಯಲ್ಲಿತ್ತೆಂಬುದು ಯಾವ ಕನ್ನಡಿಯಲ್ಲೂ ಕಾಣದು. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳು ಬೆಳೆದದ್ದು ಈ ಪರದೆಯ ಕಾಲದಲ್ಲಿ. ಮನೆ ಕಟ್ಟಿದವರ ಮುಖಗಳು ಗೋಡೆಗಳ ಮೇಲಿವೆ, ಕಟ್ಟುವ ಮೊದಲಿನ ನೆಲದ ಮುಖ ಎಲ್ಲೂ ಇಲ್ಲ. ಸರ್ಕಾರವೂ ಇದೇ ಪದ್ಧತಿ ಹಿಡಿಯಿತು. ಪಾಸ್‌ಪೋರ್ಟಿಗೆ ಬಿಳಿ ಹಿನ್ನೆಲೆ ಬೇಕು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರಕ್ಕೆ ಮಾರಿದವರ, ಕೊಂಡವರ ಫೋಟೊ ತೆಗೆಯುತ್ತಾರೆ. ಮಾರಾಟವಾದ ನಿವೇಶನಕ್ಕೆ ಮಾತ್ರ ಮಾತಿನ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು. ಈಚೆಗೆ ಇ-ಖಾತಾಕ್ಕೆ ಮನೆಯ ಫೋಟೊ ಕೇಳುತ್ತಿರುವುದು ತಡವಾಗಿ ಬಂದ ಬುದ್ಧಿ.

ಪರದೆಯನ್ನು ಹೀಗೆ ಆಡಿಕೊಳ್ಳುವುದು ಅನ್ಯಾಯ ಎನ್ನುವವರಿದ್ದಾರೆ. ದಿನಗೂಲಿಯವನಿಗೂ ಜಹಗೀರುದಾರನಿಗೂ ಒಂದೇ ಕಂಬ, ಒಂದೇ ಮೆಟ್ಟಿಲು ಕೊಟ್ಟ ಸಮಾನತೆ ಆ ಬಣ್ಣದ ಬಟ್ಟೆಯದು. ಸೋರುವ ಸೂರಿನ ಮುಂದೆ ನಿಲ್ಲಿಸಿ ತೆಗೆದಿದ್ದರೆ ಯಾರು ತಾನೆ ಗೋಡೆಗೆ ಹಾಕಿಕೊಳ್ಳುತ್ತಿದ್ದರು? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ತನ್ನ ಚಿತ್ರದಲ್ಲಿ ತಾನು ಹೇಗೆ ಕಾಣಬೇಕೆಂದು ಬಯಸುವ ಹಕ್ಕು ನಿಂತವರದು. ನಾನು ಹೇಳುವುದು ಆ ಬಯಕೆಗೆ ತೆತ್ತ ಬೆಲೆಯ ಬಗ್ಗೆ. ಪರದೆ ಬಿಟ್ಟು ಬೀದಿಗಿಳಿದವರೂ ನಮ್ಮಲ್ಲಿದ್ದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಸಾಮಾನ್ಯ ಜನರನ್ನು ಅವರವರ ಜಾಗದಲ್ಲೇ, ಅವರವರ ಕೆಲಸದಲ್ಲೇ ಹಿಡಿದರು; ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೂ ಹೋದವು. ಪತ್ರಿಕೆಯ ಕೆಲಸಕ್ಕೆ ಚಿತ್ರದಷ್ಟೇ ಅದರ ಅಡಿಬರೆಹವೂ ಮುಖ್ಯ. ಸ್ಟುಡಿಯೊದವರಿಗೆ ಆ ಒತ್ತಾಯವಿರಲಿಲ್ಲ.

ಈಗ ಮೂರನೆಯ ಕಾಲ. ಸ್ಯಾಸನ್ನನ ಮೊದಲ ಡಿಜಿಟಲ್ ಕ್ಯಾಮರಾ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಇವತ್ತು ಒಂದು ನಾಮಕರಣದ ಅರ್ಧ ಆಲ್ಬಮ್ ಮುಗಿದಿರುತ್ತದೆ. ಬೀದಿಯೂ ಬರುತ್ತದೆ, ಜನವೂ ಬರುತ್ತಾರೆ. ಇನ್ನೇನು ಕೊರತೆ ಎನ್ನುವವರು ಎರಡು ವಾದ ಮುಂದಿಡುತ್ತಾರೆ. ಫೋನು ತಾನಾಗಿ ದಿನಾಂಕ, ಜಾಗ ಬರೆದುಕೊಳ್ಳುತ್ತದೆ ಎಂಬುದು ಮೊದಲನೆಯದು. ಬರೆದುಕೊಳ್ಳುವುದು ನಿಜ, ಆದರೆ ವಾಟ್ಸ್‌ಆ್ಯಪಿನಲ್ಲಿ ಫೋಟೊ ಕಳಿಸಿದೊಡನೆ ಆ ಒಳಬರೆಹ ಕಳಚಿಹೋಗುತ್ತದೆ; ನಮ್ಮ ಮನೆಗಳ ಬಹುಪಾಲು ಫೋಟೊ ಓಡಾಡುವುದು ಅದೇ ದಾರಿಯಲ್ಲಿ. ಉಳಿದರೂ ಅಕ್ಷಾಂಶ ರೇಖಾಂಶ ಉಳಿದೀತು, ಬಾಗಿಲಲ್ಲಿ ನಿಂತ ಅಜ್ಜಿ ಯಾರೆಂಬುದಲ್ಲ. ಉಪಗ್ರಹ ಎಲ್ಲವನ್ನೂ ನೋಡುತ್ತಿದೆ, ಬಡಾವಣೆ ಬೆಳೆದ ಬಗೆ ಭೂಪಟದಲ್ಲೇ ಕಾಣುತ್ತದೆ ಎಂಬುದು ಎರಡನೆಯದು. ಕಾಣುತ್ತದೆ, ತಾರಸಿಯ ಮಟ್ಟಿಗೆ. ಸಿಂಟೆಕ್ಸ್ ಟ್ಯಾಂಕು ಸಿಗುತ್ತದೆ, ಅಂಗಡಿಯ ಬೋರ್ಡು ಸಿಗದು. ಜನರಿಲ್ಲದ ಜಾಗ ತೋರಿಸುವ ವಿಷಯದಲ್ಲಿ ಉಪಗ್ರಹ ಟ್ರೈಪ್ ಸಾಹೇಬನ ಕಾಲಕ್ಕೇ ವಾಪಸು ಹೋಗಿದೆ.

ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಚಿತ್ರದ ಕೆಳಗೆ ಬರೆದ ಅಕ್ಷರ ಯಾವಾಗಲೂ ಒಳ್ಳೆಯದು ಮಾಡಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟ ಹೊರಡಿಸಿತು. 450ಕ್ಕೂ ಹೆಚ್ಚು ಫೋಟೊಗಳ ಜೊತೆಗೆ ಇಂಥ ಜಾತಿಯವರು ಇಂಥ ಸ್ವಭಾವದವರು ಎಂಬ ತೀರ್ಪು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಜೊತೆ 2000ದಿಂದ 2004ರ ನಡುವೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಇಂಥ ಚಿತ್ರಗಳ ವೇಷವನ್ನು ತಾವೇ ತೊಟ್ಟು ಅವುಗಳ ಗತ್ತನ್ನು ಬಯಲಿಗೆಳೆದರು. ಆ ಸಂಪುಟಗಳ ತೊಂದರೆ ಬರೆದದ್ದರಲ್ಲಿತ್ತೇ, ಬರೆಯದೆ ಬಿಟ್ಟದ್ದರಲ್ಲಿತ್ತೇ ಎಂದು ಕೇಳಿಕೊಳ್ಳಬೇಕು. ಅಲ್ಲಿ ಪಂಗಡದ ಹೆಸರು ಎದ್ದು ಕಾಣುತ್ತದೆ, ಎದುರು ನಿಂತ ಮನುಷ್ಯನ ಹೆಸರು ಹುಡುಕಬೇಕು. ಹೆಸರು ಹೋದ ಜಾಗದಲ್ಲೇ ತೀರ್ಪು ಬಂದು ಕೂರುತ್ತದೆ. ಹೆಸರಿಲ್ಲದ ಹಳೆಯ ಫೋಟೊಕ್ಕೆ ಇವತ್ತು ಯಾರು ಬೇಕಾದರೂ ಸುಳ್ಳು ಕತೆ ಅಂಟಿಸಿ ಹಂಚುವುದೂ ಇದೇ ಕಾರಣಕ್ಕೆ.

ಜನ, ಜಾಗ, ಹೆಸರು ಮೂರೂ ಒಂದೆಡೆ ಸೇರಿದ ಫೋಟೊ ಒಂದು ನಮ್ಮಲ್ಲಿ ಇದ್ದೇ ಇದೆ: ಶಾಲೆಯ ಗ್ರೂಪ್ ಫೋಟೊ. ಹಿಂದೆ ಶಾಲೆಯ ಕಟ್ಟಡ, ದಪ್ಪ ರಟ್ಟಿನ ಮೇಲೆ ಶಾಲೆಯ ಹೆಸರು, ವರ್ಷ, ಕೆಳಗೆ ಕುರ್ಚಿಯ ಮೇಲೆ ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಮೊದಲನೆಯ ಸಾಲು, ಎರಡನೆಯ ಸಾಲು. ಜವಾನನ ಹೆಸರೂ ಕೊನೆಯಲ್ಲಿ ಇರುತ್ತಿತ್ತು. ಕಲೆಯ ದೃಷ್ಟಿಯಿಂದ ಇದಕ್ಕಿಂತ ನೀರಸ ಚಿತ್ರವಿಲ್ಲ. ಚರಿತ್ರೆಗೆ ಇದಕ್ಕಿಂತ ನಂಬುಗೆಯ ಚಿತ್ರವೂ ಇಲ್ಲ. ಈ ಪದ್ಧತಿಯನ್ನು ಬೀದಿಗೆ ತರಲು ಏನಡ್ಡಿ? ನವೆಂಬರ್ ಬಂತೆಂದರೆ ಈ ಕಡೆಯ ರಸ್ತೆಗಳಲ್ಲಿ ಬಾವುಟ ಏರುತ್ತದೆ, ಜನ ಸೇರುತ್ತಾರೆ, ಫೋನುಗಳು ಮೇಲೇಳುತ್ತವೆ. ಅದೇ ದಿನ, ಅದೇ ತಿರುವಿನಲ್ಲಿ, ಇಸ್ತ್ರಿ ಅಂಗಡಿಯವರು, ಹೂವಿನವರು, ಬಾಡಿಗೆಗೆ ಬಂದು ವರ್ಷವಾದವರು, ಮನೆ ಕಟ್ಟಿಸಿದವರು ಎಲ್ಲ ಸಾಲಾಗಿ ನಿಂತು ಒಂದು ಫೋಟೊ ತೆಗೆಸಿ, ಅಡ್ಡರಸ್ತೆ, ಇಸವಿ, ಹೆಸರು ಬರೆದು ಅಚ್ಚು ಹಾಕಿಸಿ ವಾಚನಾಲಯಕ್ಕೊಂದು ಪ್ರತಿ ಕೊಡಲಿ. ಕುರ್ಚಿಯಲ್ಲಿ ಯಾರು ಕೂರಬೇಕೆಂಬ ಜಗಳ ಆಗಿಯೇ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆಗಲಿ. ಸಾವಿರ ಸೆಲ್ಫಿಗಳಿಗೆ ಯಾರೂ ಹಾಗೆ ಜಗಳವಾಡುವುದಿಲ್ಲ. ಹೆಸರು ಉಳಿಯುತ್ತದೆಂದು ಗೊತ್ತಿದ್ದಲ್ಲಿ ಮಾತ್ರ ಜನ ಜಾಗಕ್ಕಾಗಿ ಕಿತ್ತಾಡುತ್ತಾರೆ.